ಹೈದರಾಬಾದಿಗೆ ಹಾರಿದ ತಂಡ, ರಾಯಕೋಟೆಯಲ್ಲಿ ಕೂತ ತಂಡ

ಮಾನ್ಯ ಕುಲಪತಿಗಳೇ,

ನಿಮ್ಮ ವಿಶ್ವವಿದ್ಯಾಲಯ ನಮ್ಮ ಹೊಸೂರು ಭಾಗದ ಅಂತರಕಾಲೇಜು ಕ್ರೀಡಾ ಒಕ್ಕೂಟವನ್ನು ಬಿಟ್ಟು ದಕ್ಷಿಣ ಭಾರತದ ದೊಡ್ಡ ಲೀಗಿಗೆ ಸೇರಿತು. ಅದರ ಖರ್ಚು ಹೊಂದಿಸಲು ಹನ್ನೆರಡು ಹುಡುಗಿಯರ ಖೋ-ಖೋ ತಂಡವನ್ನೇ ರದ್ದು ಮಾಡಿತು. ಆ ತಂಡದ ನಾಯಕಿ ಮಾಲಾ ನನ್ನ ಮಗಳು. ಅಭಿನಂದನೆ ಹೇಳಲು ತಡವಾಯಿತು, ಕ್ಷಮಿಸಿ.

ಹಳೆಯ ಒಕ್ಕೂಟ ನಿಮ್ಮ ಘನತೆಗೆ ತಕ್ಕುದಲ್ಲವೆಂದು ಒಪ್ಪುತ್ತೇನೆ. ಕೃಷ್ಣಗಿರಿ, ರಾಯಕೋಟೆ, ಧರ್ಮಪುರಿ ಇವೆಲ್ಲ ಊರುಗಳೇ? ಬೆಳಿಗ್ಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿ, ಆಡಿ, ಕಟ್ಟಿಕೊಂಡು ಹೋದ ಚಿತ್ರಾನ್ನ ತಿಂದು, ಸಂಜೆಗೆ ಮನೆ ಸೇರುವುದೂ ಒಂದು ಕ್ರೀಡೆಯೇ? ಈಗ ನೋಡಿ, ಹುಡುಗರ ಕ್ರಿಕೆಟ್ ತಂಡ ಹೈದರಾಬಾದಿಗೆ ವಿಮಾನದಲ್ಲಿ ಹಾರಿ, ದೊಡ್ಡ ಹೋಟೆಲಿನಲ್ಲಿ ತಂಗಿ, ಆರು ಪಂದ್ಯಗಳಲ್ಲಿ ಆರನ್ನೂ ಸೋತು ಬಂದಿದೆ. ಸೋಲಿಗೂ ಒಂದು ಅಂತಸ್ತು ಬೇಡವೇ? ಬಿಟ್ಟುಹೋದದ್ದಕ್ಕೆ ಹಳೆಯ ಒಕ್ಕೂಟಕ್ಕೆ ದಂಡ, ಹೊಸ ಲೀಗಿಗೆ ಪ್ರವೇಶಧನ, ವಿಮಾನ, ಹೋಟೆಲು ಎಲ್ಲಕ್ಕೂ ಸೇರಿ ಪ್ರತಿ ವಿದ್ಯಾರ್ಥಿಯಿಂದ ನಾಲ್ಕು ಸಾವಿರ ‘ಕ್ರೀಡಾಭಿವೃದ್ಧಿ ಶುಲ್ಕ’. ಆಡುವ ಹುಡುಗಿಯರನ್ನು ಮನೆಗೆ ಕಳಿಸಿ ಕ್ರೀಡೆಯನ್ನು ಅಭಿವೃದ್ಧಿಪಡಿಸುವ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ?

ತಂಡದ ಜೊತೆಗೇ ಆಟಗಾರ್ತಿಯರ ಶುಲ್ಕ ರಿಯಾಯಿತಿಯೂ ಹೋಯಿತು. ವಿಚಾರಿಸಲು ಕಚೇರಿಗೆ ಹೋದ ಮಾಲಾಗೆ ಗುಮಾಸ್ತರು ಹೇಳಿದರು: “ಟೀಮೇ ಇಲ್ಲಾಂದ್ಮೇಲೆ ರಿಯಾಯ್ತಿ ಎಲ್ಲಿಂದ ಬತ್ತದಮ್ಮ? ಮೂವತ್ತೆಂಟು ಸಾವಿರ ಕಟ್ಟು. ಇಲ್ದಿದ್ರೆ ಕೊನೇ ವರ್ಷ ಮರ್ತ್ಬುಡು.” ತಳಿ ಊರಿನ ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಅದು ನಾಲ್ಕು ತಿಂಗಳ ಸಂಬಳ.

ಹುಡುಗಿಯರು ಸುಮ್ಮನಿರಲಿಲ್ಲ. ತಾವೇ ಬಸ್ ಚಾರ್ಜು ಹಾಕಿಕೊಂಡು ಹಳೆಯ ಒಕ್ಕೂಟದ ಪಂದ್ಯಾವಳಿಗೆಂದು ರಾಯಕೋಟೆಗೆ ಹೋದರು. ನಾನೂ ಜೊತೆಗಿದ್ದೆ. ಪಂದ್ಯಗಳನ್ನು ನಡೆಸುತ್ತಿದ್ದ ಚಲಪತಿ ಮೇಷ್ಟ್ರು ಇವರನ್ನು ಕಂಡು ಮುಖ ಸಣ್ಣ ಮಾಡಿಕೊಂಡರು.

“ನಿಮ್ ಕಾಲೇಜೇ ನಮ್ಮನ್ನ ಬುಟ್ಟು ಹೋಗೈತಲ್ಲಮ್ಮ. ನಿಮ್ ಹೆಸ್ರು ಹೆಂಗ್ ಬರ್ಕೊಳ್ಳಿ?”

“ಆಡ್ಸೋದು ಬ್ಯಾಡ ಸಾರ್. ನೋಡಾಕಾದ್ರೂ ಬುಡ್ತೀರಾ?” ಎಂದಳು ಮಾಲಾ.

ಹನ್ನೆರಡು ಮಂದಿಯೂ ಆಟದ ಉಡುಪಿನಲ್ಲೇ ಗೆರೆಯಾಚೆ ಕೂತರು. ಹೋದ ವರ್ಷ ಇವರ ಕೈಯಲ್ಲಿ ಸೋತಿದ್ದ ತಂಡ ಕಪ್ ಎತ್ತಿತು. ಮಾಲಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ವಾಪಸು ಬರುವ ಬಸ್ಸಿನಲ್ಲಿ ನನ್ನ ಮುಖ ನೋಡದೆ ಹೇಳಿದಳು: “ಅಮ್ಮ, ಹೊಸೂರಾಗೆ ಫ್ಯಾಕ್ಟ್ರಿಗೆ ಅರ್ಜಿ ಹಾಕ್ಬುಟ್ಟೆ. ಸೋಮವಾರದಿಂದ ಬಾ ಅಂದವ್ರೆ.”

ಮೂವತ್ತು ಮಕ್ಕಳಿಗೆ ದಿನವೂ ಪ್ರಬಂಧ ಬರೆಸುವವಳು ನಾನು. ಕೆಲಮಂಗಲ ದಾಟಿದ ಮೇಲೆ ಕೇಳಿದ್ದು, ಫ್ಯಾಕ್ಟರಿ ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಎಂದಷ್ಟೇ. ಸೋಮವಾರ ಅವಳು ಹೋದಳು.

ದೊಡ್ಡ ಲೀಗಿನಲ್ಲಿ ತಾವು ಸುಖವಾಗಿರಿ. ಹುಡುಗಿಯರ ತಂಡವನ್ನು ಮಾತ್ರ ಹಳೆಯ ಒಕ್ಕೂಟಕ್ಕೆ ಮರಳಿಸಿ. ಪರೀಕ್ಷೆಯ ನೋಂದಣಿ ಈ ತಿಂಗಳ ಕೊನೆಗೆ ಮುಗಿಯುತ್ತದೆ; ಅಷ್ಟರೊಳಗೆ ಹನ್ನೆರಡು ಮಂದಿಗೂ ರಿಯಾಯಿತಿ ಕೊಡಿ, ಅವರು ಓದು ಮುಗಿಸಲಿ.

ಅದು ತಮ್ಮಿಂದ ಆಗದಿದ್ದರೆ ಖರ್ಚಿಲ್ಲದ ಇನ್ನೊಂದು ಕೆಲಸವಿದೆ. ಹೊಸೂರಿನ ಹೆದ್ದಾರಿಯಲ್ಲಿ ಹೊಸ ಪ್ರವೇಶಾತಿಗೆಂದು ತಾವು ನಿಲ್ಲಿಸಿರುವ ಫಲಕದಲ್ಲಿ, ಕೈ ಚಾಚಿ ಓಡುತ್ತಿರುವ ಹುಡುಗಿ ನನ್ನ ಮಗಳು. ‘ಬನ್ನಿ, ನಮ್ಮೊಂದಿಗೆ ಓಡಿ’ ಎಂದು ಕೆಳಗೆ ಬರೆಸಿದ್ದೀರಿ. ಅವಳ ಫ್ಯಾಕ್ಟರಿ ಬಸ್ಸು ದಿನವೂ ಅದರ ಮುಂದೆಯೇ ಹಾದುಹೋಗುತ್ತದೆ. ಆ ಫಲಕವನ್ನು ಇಳಿಸಿಬಿಡಿ.

ಇಂತಿ,
ತಮ್ಮ ಕ್ರೀಡಾಭಿವೃದ್ಧಿಯನ್ನು ಮನೆಯಲ್ಲೇ ಕಂಡವಳು,
ರಾಧಾಮಣಿ, ತಳಿ