ಮುದಿ ಸವಾರನ ಈಟಿ

ಮಾರ್ಚ್ ೧೪, ಗುರುವಾರ

ಒಟ್ಟು ನಷ್ಟ ಹೀಗಿದೆ: ಮಗಳ ವಿಡಿಯೋ ಗೇಮಿನಲ್ಲಿ ಒಂದು ವಾರದ ಸಂಜೆಗಳು, ಅಂಗಡಿಯಲ್ಲಿ ನನ್ನ ಜಾಗ.

ಆಟದ ಮೊದಲಿಗೇ ಒಬ್ಬ ಮುದಿ ಕುದುರೆ ಸವಾರ ನಮ್ಮ ಜೊತೆ ಸೇರುತ್ತಾನೆ. ಒಂದೇ ಏಟಿಗೆ ಶತ್ರು ಮಲಗಬೇಕು, ಅಂಥವನು. ನಾನು ಅವನನ್ನೇ ನೆಚ್ಚಿಕೊಂಡು ಎಲ್ಲರನ್ನೂ ಅವನಿಂದಲೇ ಹೊಡೆಸಿದೆ. ಈಗ ನೋಡಿದರೆ ಅವನ ಬಲ ಇದ್ದಲ್ಲೇ ಇದೆ, ಶತ್ರುಗಳು ಬೆಳೆದಿದ್ದಾರೆ, ನಮ್ಮ ಕಡೆಯ ಚಿಕ್ಕವರು ಕೈಕಟ್ಟಿ ನಿಂತು ನಿಂತು ಹಾಗೇ ಉಳಿದಿದ್ದಾರೆ.

ಮಗಳು ನಕ್ಕಳು. "ಅಯ್ಯೋ ಅಪ್ಪ, ಕೊಂದವರಿಗೆ ತಾನೆ ಬಲ ಹೆಚ್ಚೋದು! ಮುದುಕನಿಗೆ ಮಾತ್ರ ಎಷ್ಟು ಕೊಂದ್ರೂ ಹೆಚ್ಚಲ್ಲ. ಅವನು ಅರ್ಧ ಹೊಡೆದು ಸುಮ್ನಾಗ್ಬೇಕು, ಕೊನೇ ಏಟು ಚಿಕ್ಕವರಿಗೆ ಬಿಡ್ಬೇಕು. ಈಗ ಅವನ ಈಟಿ ಕಿತ್ಕೊಂಡು ಆ ಚಿಕ್ಕವರಲ್ಲಿ ಒಬ್ಳು ಹುಡುಗಿ ಇದಾಳಲ್ಲ, ಅವಳಿಗೆ ಕೊಡು, ಇವನನ್ನ ಡೇರೆಯಲ್ಲಿ ಕೂರಿಸು."

ಈ ವಿದ್ಯೆ ನನಗೆ ಗೊತ್ತಿಲ್ಲವೇ? ಪರದೆ ಬಟ್ಟೆಯ ಅಂಗಡಿಯಲ್ಲಿ ಭಾವಮೈದುನನನ್ನು ತಯಾರು ಮಾಡಿದ್ದೇ ಹೀಗೆ. ಗಿರಾಕಿಯನ್ನು ಮಾತಿನಲ್ಲಿ ಮೆತ್ತಗೆ ಮಾಡುವವನು ನಾನು, ಬಟ್ಟೆ ಕತ್ತರಿಸುವ ಹೊತ್ತಿಗೆ ಕತ್ತರಿ ಅವನ ಕೈಗೆ. ಬರಬರುತ್ತಾ ಗಿರಾಕಿಗಳು ಅವನನ್ನೇ ಕೇಳಿಕೊಂಡು ಬಂದರು. ಇವತ್ತು ಒಬ್ಬ ಹೆಂಗಸಿಗೆ ಬಣ್ಣ ತೋರಿಸುತ್ತಿದ್ದೆ. ಭಾವಮೈದುನ ಬಂದವನೇ ಬಟ್ಟೆಯ ಸುರುಳಿಯನ್ನು ನನ್ನ ಕೈಯಿಂದ ತೆಗೆದುಕೊಂಡ.

"ಭಾವ, ನೀವು ಫ್ಯಾನ್ ಕೆಳಗೆ ಆರಾಮಾಗಿ ಕೂತ್ಕೊಳ್ಳಿ. ಈಗಿನವ್ರಿಗೆ ಅಷ್ಟೊಂದು ಮಾತು ಹಿಡಿಸಲ್ಲ."

ಆ ಹೆಂಗಸೂ ಹೂಂಗುಟ್ಟಿದಳು.

ಆಟದಲ್ಲಿ ತಪ್ಪಾಗಿ ಆಡಿ ಸೋತೆ. ಅಂಗಡಿಯಲ್ಲಿ ಸರಿಯಾಗಿ ಆಡಿ ಸೋತೆ. ಮಗಳು ಹೇಳಿದಂತೆ ಮಾಡಿದೆ.

ಆಟದ ಹುಡುಗಿಗೆ ಈಟಿ ಸಿಕ್ಕಿತು. ಭಾವಮೈದುನನಿಗೆ ಗಿರಾಕಿಗಳು ಸಿಕ್ಕಿದರು. ಸವಾರನಿಗೆ ಡೇರೆ, ನನಗೆ ಫ್ಯಾನಿನ ಗಾಳಿ.