ರೇಣು ಸಿಸ್ಟರ್‌ಗೆ ತಿಳಿಯಬೇಕಾದದ್ದು

ಖಡಕಿ, ಭಾನುವಾರ

ಹೆಡ್ ಸಿಸ್ಟರ್ ಇಂದೂ ಅವರಿಗೆ, ನಿಮ್ಮ ವಾರ್ಡಿನ ಆಯಾ ಕಲ್ಲವ್ವನ ನಮಸ್ಕಾರ.

ಎದುರಿಗೆ ನಿಂತರೆ ನನಗೆ ಮಾತು ಬರುವುದಿಲ್ಲ, ಅದಕ್ಕೆ ಬರೆದಿದ್ದೇನೆ.

ನಿನ್ನೆ ಶನಿವಾರ ನೀವು ಹೊಸ ಸಿಸ್ಟರ್‌ಗಳನ್ನು ಕೂಡಿಸಿಕೊಂಡು ವಾರದ ಕಷ್ಟ ಕೇಳುತ್ತಿದ್ದಿರಿ. ನಾನು ಎಂದಿನಂತೆ ಚಹಾ ಕೊಟ್ಟು, ಬಾಗಿಲಾಚೆ ಚಾದರ ಮಡಚುತ್ತಿದ್ದೆ. ರೇಣು ಸಿಸ್ಟರ್ ಅತ್ತರು.

"ನಾ ಊಟಕ್ಕ ಹೋದಾಗನ ಫಕೀರಪ್ಪಜ್ಜ ತೀರಕೊಂಡರ್ರಿ. ಕಡೀಕ ಯಾರೂ ಇರಲಿಲ್ಲ."

"ಊಟಾ ಮಾಡೋದು ತಪ್ಪಲ್ಲ ಬಿಡವ್ವಾ," ಎಂದಿರಿ ನೀವು. "ನಿನಗೇನ ಅನಸ್ತದ, ಅದನ್ನ ಹೇಳು."

"ಇನ್ನ ಈ ಕೆಲಸ ನನ್ನ ಕೈಲೆ ಆಗೂದಿಲ್ರಿ."

ಆ ಹೊತ್ತಿಗೆ ಅಜ್ಜನ ಹತ್ತಿರ ನಾನಿದ್ದೆ. ಅವರು ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು, ಚಾಕಣದಿಂದ ಮಗ ಇನ್ನೂ ಬಂದಿರಲಿಲ್ಲ. ನೆಲ ಒರೆಸುತ್ತಿದ್ದ ನನ್ನನ್ನು ಅಜ್ಜನೇ ಕರೆದು ಹತ್ತಿರ ಕೂಡಿಸಿಕೊಂಡರು.

"ನಮ್ಮ ಸಿಸ್ಟರ್ ಉಂಡಳೇನು? ಮುಂಜಾನಿಂದ ಓಡ್ಯಾಡತಾಳ."

"ಉಣ್ಣಾಕ ಹೋಗ್ಯಾರ," ಎಂದೆ.

"ಚಲೋ ಆತು ಬಿಡು," ಎಂದು ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೆಂದು ಕೈ ಹಿಡಿದೇ ಕುಳಿತಿದ್ದೆ. ಆಮೇಲೆ ಡಾಕ್ಟರನ್ನು ಕೂಗಿ ಬದಿಗೆ ಸರಿದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ನಿನ್ನೆ ಹೇಳಬೇಕೆಂದು ಒಳಗೆ ಬಂದಿದ್ದೆ. ಆಯಾಗಳು ಅಲ್ಲಿ ಮಾತಾಡುವ ರೂಢಿ ಇಲ್ಲ. ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಹೊರಗೆ ಹೋದೆ.

ರೇಣು ಸಿಸ್ಟರ್ ಕೆಲಸ ಬಿಡುವ ಮೊದಲು ಅಜ್ಜನ ಮಾತನ್ನು ಅವರಿಗೆ ತಿಳಿಸಿರಿ.

ಇನ್ನೊಂದು ವಿನಂತಿ. ಮುಂದಿನ ಶನಿವಾರ ನನಗೂ ಒಳಗೆ ಕೂಡಲು ಹೇಳಿರಿ. ಅಜ್ಜನ ಕೈ ತಣ್ಣಗಾಗುತ್ತಾ ಹೋದದ್ದನ್ನು ನಾನಿನ್ನೂ ಯಾರ ಮುಂದೆಯೂ ಹೇಳಿಲ್ಲ.

ನಾಳೆ ಬೆಳಗಿನ ಪಾಳಿಗೆ ಬರುವ,
ಕಲ್ಲವ್ವ