ಆ ಸಂಜೆ ಉಪವಾಸವಿದ್ದವಳು

ಬೀಳಗಿ
26 ಏಪ್ರಿಲ್, ಬುಧವಾರ

ಪ್ರೀತಿಯ ಉಜ್ಜೂ,

ಹೇಗಿದ್ದೀಯ? ಮೊಣಕಾಲಿನ ನೋವು ಕಡಿಮೆಯಾಯಿತೇ? ನೀನು ಹಾಕಿ ಆಟ ಬಿಟ್ಟು ಎರಡು ವರ್ಷವಾದರೂ ನೋವು ನಿನ್ನನ್ನು ಬಿಟ್ಟಿಲ್ಲ ಎಂದು ಅವ್ವ ಪೇಚಾಡುತ್ತಿದ್ದಳು. ಈ ಬಿಸಿಲಿನಲ್ಲಿ ಮತ ಕೇಳುತ್ತ ರಬಕವಿ, ಬನಹಟ್ಟಿ, ತೇರದಾಳದ ಓಣಿ ಓಣಿ ತಿರುಗುತ್ತೀಯಂತೆ. ಮನೆಗೆ ಬಂದ ಮೇಲೆ ಕಾಲಿಗೆ ಶಾಖ ಕೊಟ್ಟುಕೋ. ಗಂಟಲೂ ಕಟ್ಟಿದೆ, ವಿಡಿಯೋದಲ್ಲಿ ಕೇಳಿದೆ. ಜ್ಯೇಷ್ಠಮಧು ಕಳಿಸಿದ್ದೇನೆ, ಭಾಷಣಕ್ಕೆ ಮೊದಲು ಬಾಯಲ್ಲಿಟ್ಟುಕೋ. ಇಲ್ಲಿ ನಾವೆಲ್ಲ ಕ್ಷೇಮ. ಫೋನ್ ಮಾಡಿದರೆ ಯಾರೋ ಎತ್ತಿ, ‘ಮ್ಯಾಡಮ್ ಸಭಾದಾಗ ಅದಾರ್ರೀ’ ಅನ್ನುತ್ತಾರೆ. ವಾಟ್ಸಾಪಿನಲ್ಲಿ ಬರೆದರೂ ಮೊದಲು ಓದುವವರು ಅವರೇ. ಅದಕ್ಕೇ ಈ ಕಾಗದ. ನಿನ್ನ ಭಾವ ನಾಳೆ ಅಂಗಡಿಗೆ ಸೀರೆ ತರಲು ರಬಕವಿಗೆ ಬರುತ್ತಾರೆ, ನಿನ್ನ ಕೈಯಲ್ಲೇ ಕೊಡಬೇಕೆಂದು ಹೇಳಿದ್ದೇನೆ.

ಹೋದ ವಾರ ಅವ್ವನನ್ನು ನೋಡಲು ತೇರದಾಳಕ್ಕೆ ಹೊರಟಾಗ ಬನಹಟ್ಟಿ ಬಸ್ ನಿಲ್ದಾಣದ ಎದುರು ನಿನ್ನ ಫಲಕ ನೋಡಿದೆ. ಎರಡಾಳೆತ್ತರ ಇದ್ದೀಯ. ಕೈಯಲ್ಲಿ ಹಾಕಿ ಸ್ಟಿಕ್ಕು, ತಲೆಯ ಮೇಲೆ ಸೆರಗು. ಮೈದಾನದಲ್ಲಿ ಹಣೆಯ ಮೇಲೆ ಕೂದಲು ಬಿದ್ದರೂ ಬೈಯುತ್ತಿದ್ದವಳು ನೀನು, ಸೆರಗು ಹೊದ್ದು ಹೇಗೆ ಆಡುತ್ತೀಯೋ ಎಂದು ನಗು ಬಂತು. ಪಕ್ಕದ ಸೀಟಿನ ಹೆಂಗಸು, ‘ಭಾಳ ಛಲೋ ಆಡತಿದ್ಲಂತ್ರೀ. ಈಗ ಮಂದಿ ಸಲುವಾಗಿ ಓಡ್ಯಾಡಾಕತ್ತಾಳ’ ಅಂದಳು. ‘ಆಕಿ ನನ್ನ ತಂಗಿರೀ’ ಅನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಸುತ್ತಿ ಬಳಸಿ ಹೇಳಲಾರೆ ಉಜ್ಜೂ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಅವ್ವನ ಮನೆಯ ಗೋಡೆಯ ಮೇಲೆ ನಮ್ಮ ಶಾಲಾ ತಂಡದ ಒಂದು ಫೋಟೋ ಇತ್ತಲ್ಲ, ನಾನು ಗೋಲ್ ಕಾಯುವವಳ ಪ್ಯಾಡ್ ಕಟ್ಟಿಕೊಂಡು ಮುಂದೆ ಕೂತದ್ದು? ಅದೇ ಮೊಳೆಗೆ ನಿನ್ನ ಚಿತ್ರದ ಕ್ಯಾಲೆಂಡರ್ ತೂಗುಹಾಕಿದ್ದಾಳೆ. ನನ್ನ ಮಗಳು ಕೂಡ ‘ನಾ ಚಿಗವ್ವನ ಹಂಗ ಆಗ್ತೇನಿ’ ಅನ್ನುತ್ತಾಳೆ. ನನ್ನ ಹಾಗೆ ಆಗುತ್ತೇನೆಂದು ಒಂದು ದಿನವೂ ಅಂದಿಲ್ಲ.

ಅಷ್ಟನ್ನೆಲ್ಲ ನುಂಗಿಕೊಂಡಿದ್ದೆ. ಬಹುಮಾನ ನಿನ್ನದು, ಹೆಸರು ನಿನ್ನದು, ಪಕ್ಷದವರು ಮನೆ ಬಾಗಿಲಿಗೆ ಬಂದು ಕರೆದದ್ದೂ ನಿನ್ನನ್ನೇ. ಆದರೆ ಶನಿವಾರ ನಿನ್ನ ಭಾವ ತೇರದಾಳದ ಭಾಷಣ ತೋರಿಸಿದರು. ‘ಹೊತ್ತು ಮುಳುಗಿತ್ತರೀ. ಊಟಕ್ಕ ಕರದ್ರು. ಹೊತ್ತು ಮುಳುಗಿದ ಮ್ಯಾಲ ಉಣ್ಣಂಗಿಲ್ಲಂತ ನಮ್ಮವ್ವಗ ಆಣಿ ಕೊಟ್ಟಿದ್ನಿ, ಒಂದ ತುತ್ತು ಸುದ್ದಾ ಮುಟ್ಟಲಿಲ್ಲ. ಉಪವಾಸ ಇದ್ದ ಮರುದಿನ ಎರಡು ಗೋಲ್ ಹೊಡದ್ನಿ’ ಅಂದೆಯಲ್ಲ! ಮುಂದೆ ಕೂತಿದ್ದ ನಮ್ಮ ಬಸದಿಯ ಹಿರಿಯರೆಲ್ಲ ಕೈ ಜೋಡಿಸಿದರು. ನಿನ್ನ ಭಾವನೂ ಚಪ್ಪಾಳೆ ತಟ್ಟಿದರು. ನಾನು ಒಲೆಯ ಮೇಲಿನ ಹಾಲು ನೋಡುವ ನೆಪ ಮಾಡಿ ಎದ್ದು ಹೋದೆ.

ನೀನು ಮರೆತಿದ್ದರೆ ನೆನಪಿಸುತ್ತೇನೆ. ಧಾರವಾಡದಲ್ಲಿ ಸೆಮಿಫೈನಲ್ ಮುಗಿಯುವಷ್ಟರಲ್ಲಿ ದೀಪ ಹಚ್ಚಿದ್ದರು. ಊಟದ ಸಾಲಿನಿಂದ ಎದ್ದು ಬಂದವಳು ನಾನು. ನೀನೂ ಎದ್ದು ಬಂದೆ, ಇಲ್ಲವೆನ್ನುವುದಿಲ್ಲ. ಆದರೆ ಅರ್ಧ ಗಂಟೆಯಲ್ಲಿ ‘ಅಕ್ಕಾ, ಹೊಟ್ಟಿ ಸುಡಾಕತ್ತೈತಿ’ ಎಂದು ಅಳತೊಡಗಿದೆ. ಮೈದಾನದ ಹಿಂದಿನ ಗಾಡಿಯಲ್ಲಿ ನಾಲ್ಕು ಮಿರ್ಚಿ ಭಜಿ, ಒಂದು ತಟ್ಟೆ ಚುರುಮುರಿ ಗಿರ್ಮಿಟ್ಟು ತಿಂದೆ. ಅದರಲ್ಲಿ ನಮ್ಮ ಮನೆಯಲ್ಲಿ ಮುಟ್ಟದ ಉಳ್ಳಾಗಡ್ಡಿ ಬೇರೆ. ಟೀಚರ್ ಬಂದಾರೆಂದು ನಾನು ಅಡ್ಡ ನಿಂತಿದ್ದೆ, ಆ ವಾಸನೆ ಕುಡಿಯುತ್ತ. ಬೆಳಗ್ಗೆ ತಿಂಡಿ ಬರುವ ಮೊದಲೇ ಫೈನಲ್‌ನ ಸೀಟಿ ಊದಿದರು. ಎರಡನೆಯ ಅರ್ಧದಲ್ಲಿ ನನಗೆ ಕಣ್ಣು ಕತ್ತಲಿಟ್ಟಿತು, ಚೆಂಡು ಕಾಲುಗಳ ನಡುವೆಯೇ ಹೋಯಿತು. ನೀನು ಎರಡು ಹೊಡೆದೆ, ಗೆದ್ದೆವು. ಆಯ್ಕೆ ಮಾಡುವವರು ನಿನ್ನನ್ನು ಕ್ರೀಡಾ ಹಾಸ್ಟೆಲಿಗೆ ಕರೆದರು. ನನ್ನ ಹೆಸರಿನ ಮುಂದೆ ‘ದಮ್ಮು ಸಾಲದು’ ಎಂದು ಬರೆದರು. ಉಜ್ಜೂ, ಹಾಸ್ಟೆಲು ತೆಗೆದುಕೊಂಡೆ, ತಗೋ. ನನ್ನ ಹಸಿವನ್ನು ಯಾಕೆ ತೆಗೆದುಕೊಂಡೆ?

ನೀನು ತಿಂದದ್ದನ್ನು ನಾನು ಅವ್ವನಿಗೂ ಹೇಳಲಿಲ್ಲ. ಹೊತ್ತು ಮುಳುಗುವ ಮೊದಲೇ ನೀನು ಬಾಳೆಹಣ್ಣು ತಿಂದು ಹೊಟ್ಟೆ ತುಂಬಿಸಿಕೊಂಡಿದ್ದೆ ಎಂದು ಸುಳ್ಳು ಹೇಳಿದೆ. ಹಾಗಾಗಿ ಉಪವಾಸದ ಹೆಚ್ಚುಗಾರಿಕೆಯೆಲ್ಲ ನನಗೊಬ್ಬಳಿಗೇ ಬಂತು. ಬೀಳಗಿಯವರು ನನ್ನನ್ನು ನೋಡಲು ಬಂದಾಗ ಅವ್ವ ಹೇಳಿದ್ದು ಆ ಕಥೆಯೇ. ಅತ್ತೆ ಅದನ್ನು ಕೇಳಿ, ‘ಈ ಹುಡುಗಿ ನಮ್ಮ ಮನಿಗೇ ಬರಲಿ’ ಅಂದಿದ್ದರು. ಇಂದಿಗೂ ಬಂದವರಿಗೆಲ್ಲ ಚಹಾದ ಜೊತೆ ಅದನ್ನೇ ಬಡಿಸುತ್ತಾರೆ. ನಾನು ನಾಚಿದಂತೆ ಮಾಡುತ್ತೇನೆ, ಒಳಗೊಳಗೆ ಕಿವಿ ಅಲ್ಲೇ ಇರುತ್ತದೆ. ನನಗೆ ಸಿಕ್ಕ ಒಂದೇ ಬಹುಮಾನದ ಕಪ್ಪು ಅದು. ನಿನ್ನ ಭಾಷಣ ಕೇಳಿದ ಮೇಲೆ ಅತ್ತೆ, ‘ತಂಗೀನೂ ಉಪಾಸ ಇದ್ಲೇನ? ನೀ ಒಬ್ಬಾಕಿನ ಅಂತ ನಿಮ್ಮವ್ವ ಅಂದಿದ್ರಲ್ಲ?’ ಎಂದು ಕೇಳಿದರು.

ಬರೆದು ಮನಸ್ಸು ಸ್ವಲ್ಪ ಹಗುರಾಯಿತು. ಅವ್ವನಿಗೆ ನಮಸ್ಕಾರ ತಿಳಿಸು, ಕ್ಯಾಲೆಂಡರಿಗೆ ಬೇರೆ ಮೊಳೆ ಹೊಡೆಯಲು ಹೇಳು. ನೀನು ಗೆಲ್ಲಬೇಕು. ಇದನ್ನು ಬರೆಯುವಾಗ ನನ್ನ ಅರ್ಧ ಮನಸ್ಸು ಸೋಲಲಿ ಅನ್ನುತ್ತಿದೆ, ಆ ಅರ್ಧವನ್ನು ನೀನು ಲೆಕ್ಕಕ್ಕೆ ಹಿಡಿಯಬೇಡ. ಉಳಿದರ್ಧದಿಂದ ತಲೆಯ ಮೇಲೆ ಕೈಯಿಟ್ಟು ಹರಸುತ್ತೇನೆ.

ನಿನ್ನ ಅಕ್ಕ,
ಹೀರಾ

ತಾ.ಕ. (ಗುರುವಾರ ಬೆಳಗ್ಗೆ): ನಿನ್ನೆ ಇಷ್ಟೆಲ್ಲ ಬರೆದೆ, ಹೇಳಬೇಕಾದದ್ದನ್ನೇ ಬರೆಯಲಿಲ್ಲ. ನಿನ್ನ ಭಾವ ಚಪ್ಪಲಿ ಮೆಟ್ಟುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಸೋಮವಾರ ನಿನ್ನ ಎದುರಾಳಿಯ ಕಡೆಯವನು, ರೇವಪ್ಪನಂತೆ, ಇಲ್ಲಿಗೆ ಬಂದಿದ್ದ. ನಮ್ಮ ತಂಡದಲ್ಲಿದ್ದ ಶೇವಂತಿ ಅವನೆದುರು ಬಾಯಿಬಿಟ್ಟಿದ್ದಾಳೆ: ಅಕ್ಕತಂಗಿಯರಲ್ಲಿ ಒಬ್ಬಳು ಆ ಸಂಜೆ ಗಾಡಿಯ ಹತ್ತಿರ ತಿಂದದ್ದು ಖರೆ, ಯಾರೆಂದು ಕತ್ತಲಲ್ಲಿ ಕಾಣಲಿಲ್ಲ ಎಂದು. ಅವನು ಫೋನಿನ ಕ್ಯಾಮೆರಾ ಹಿಡಿದು ‘ಖರೆ ಹೇಳ್ರಿ ಅಕ್ಕಾರ, ತಿಂದವರು ಯಾರು?’ ಅಂದ. ಅತ್ತೆ ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಇಷ್ಟು ವರ್ಷ ಕಾದವಳು ನಾನು. ‘ತಿಂದಾಕಿ ನಾನರೀ, ಆಕಿ ಅಲ್ಲ’ ಅಂದುಬಿಟ್ಟೆ. ಯಾಕೆಂದು ಕೇಳಬೇಡ. ಚೆಂಡು ಬಂತು, ಕಾಲು ತಾನಾಗಿ ಅಡ್ಡ ಹೋಯಿತು. ರೇವಪ್ಪ ಮುಖ ಸಪ್ಪೆ ಮಾಡಿಕೊಂಡು ಎದ್ದು ಹೋದ. ಅತ್ತೆ ಆಮೇಲೆ ನನ್ನ ಜೊತೆ ಮಾತಾಡಿಲ್ಲ. ನಿನ್ನೆ ಸಂಜೆ ಹೊತ್ತಿರುವಾಗಲೇ ಎಲ್ಲರೂ ಉಣ್ಣಲು ಕೂತಾಗ ಮಾತ್ರ ನನ್ನ ತಾಟಿನ ಕಡೆ ನೋಡಿ, ‘ನಿನಗೇನ ಗಡಿಬಿಡಿ? ನೀ ರಾತ್ರಿ ಉಣ್ಣಾಕಿ’ ಅಂದರು. ತಾಟನ್ನು ಹಾಗೇ ಸರಿಸಿ ಎದ್ದೆ ಉಜ್ಜೂ. ಮತದಾನ ಮುಗಿದ ಮರುದಿನ ಒಬ್ಬಳೇ ಬಾ. ನಿನ್ನ ಮಂದಿಗೆ ಏನೂ ತಿಳಿಯುವುದು ಬೇಡ. ಅತ್ತೆಯ ಎದುರು ಕೂತು, ತಿಂದವಳು ನೀನೆಂದು ನಿನ್ನ ಬಾಯಿಂದ ಹೇಳು. ಇಡೀ ಕ್ಷೇತ್ರ ನಿನಗಿರಲಿ. ನನಗೆ ಈ ಒಬ್ಬ ಮುದುಕಿ ಸಾಕು.